ಸಾಕೆಟ್ ಕಲಿಯಬೇಕಾ, ಲೈಬ್ರರಿ ಸಾಕಾ?

ನೆಟ್‌ವರ್ಕ್ ಪ್ರೋಗ್ರಾಮಿಂಗ್ ಶುರು ಮಾಡುವವರು ಕೇಳುವ ಮೊದಲ ಪ್ರಶ್ನೆ ಇದೇ. ಸಾಕೆಟ್‌ನಿಂದ ಶುರು ಮಾಡಲಾ, ಇಲ್ಲಾ ರೆಡಿ ಇರುವ ಲೈಬ್ರರಿ ಹಾಕಿಕೊಂಡು ಮುಂದೆ ಹೋಗಲಾ? ಸಾಕೆಟ್ ಅಂದರೆ ನೆಟ್‌ವರ್ಕಿನಲ್ಲಿ ಬೈಟ್ ಕಳಿಸಲು, ಪಡೆಯಲು ಆಪರೇಟಿಂಗ್ ಸಿಸ್ಟಂ ನಮ್ಮ ಪ್ರೋಗ್ರಾಮಿಗೆ ಕೊಡುವ ಬಾಗಿಲು; ಲೈಬ್ರರಿ ಅಂದರೆ ಆ ಕೆಲಸಕ್ಕೆ ಬೇರೆಯವರು ಬರೆದಿಟ್ಟ ಕೋಡ್. ಇದರಲ್ಲಿ ಎರಡು ಪಂಗಡ ಇವೆ. ಸಿ ಭಾಷೆಯಲ್ಲಿ ಸಾಕೆಟ್ ತೆರೆದು, ಬೈಂಡ್ ಮಾಡಿ, ಲಿಸನ್ ಮಾಡಿ, ಆಕ್ಸೆಪ್ಟ್ ಮಾಡದವನು ಪ್ರೋಗ್ರಾಮರೇ ಅಲ್ಲ ಅನ್ನುವವರು ಒಂದು ಕಡೆ. ಅದೆಲ್ಲ ನಮ್ಮ ಮೇಷ್ಟ್ರ ಕಾಲದ್ದು, ಈಗ ಪೈಥಾನ್‌ನಲ್ಲಿ ಒಂದು ಸಾಲು ಬರೆದರೆ ಡೇಟಾ ಬಂದು ಬೀಳುತ್ತೆ, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನುವವರು ಇನ್ನೊಂದು ಕಡೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳಕ್ಕೆ ಬನ್ನಿ. ಕೆಲಸ ಆಗಬೇಕಾದ ಕಡೆ ಮೊದಲ ದಿನದಿಂದಲೇ ಲೈಬ್ರರಿ ಬಳಸಿ. ಅದರ ಜೊತೆಗೇ ಒಂದು ಚಿಕ್ಕ ಪ್ರೋಗ್ರಾಂ, ಒಂದೇ ಒಂದು, ಬರೀ ಸಾಕೆಟ್‌ನಲ್ಲಿ ಬರೆಯಿರಿ. ಬರೆದು, ಬೇಕಂತಲೇ ಅದನ್ನು ಕೆಡಿಸಿ. ಲೈಬ್ರರಿ ನಿಮ್ಮ ಕೈಕೆಲಸ ಕಡಿಮೆ ಮಾಡುತ್ತದೆ ನಿಜ, ಆದರೆ ನೆಟ್‌ವರ್ಕಿನ ಸ್ವಭಾವ ಬದಲಾಯಿಸೋಕೆ ಅದರಿಂದ ಆಗುವುದಿಲ್ಲ. ಎಷ್ಟೇ ಒಳ್ಳೆ ಲೈಬ್ರರಿ ಇರಲಿ, ಆ ಸ್ವಭಾವ ಒಂದಲ್ಲ ಒಂದು ದಿನ ಹೊರಗೆ ಇಣುಕುತ್ತದೆ. ಅವತ್ತು ಅದರ ಗುರುತು ಹಿಡಿಯೋದಕ್ಕೆ ಈ ಕೆಡಿಸುವ ಅಭ್ಯಾಸ ಬೇಕು.

ಸಾಕೆಟ್ ಹಳೇ ಕಾಲದ್ದು ಅನ್ನುವ ಮಾತು ಸುಳ್ಳೇನಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಆವೃತ್ತಿ 4.2 ಬಿಎಸ್‌ಡಿಯಲ್ಲಿ ಅದು 1983ರಲ್ಲಿ ಬಂತು. ಅದೇ ವರ್ಷ ಜನವರಿ 1ರಂದು ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ ತನ್ನ ಹಳೆಯ ಪ್ರೋಟೋಕಾಲ್ (ಕಂಪ್ಯೂಟರ್‌ಗಳು ಮಾತಾಡುವ ನಿಯಮ) ಬಿಟ್ಟು, ಇವತ್ತಿನ ಇಂಟರ್ನೆಟ್ ಬಳಸುವ ಟಿಸಿಪಿ-ಐಪಿಗೆ ಬದಲಾಯಿತು. ಅವತ್ತಿನ ಕನೆಕ್ಟ್, ಸೆಂಡ್, ರಿಸೀವ್‌ಗಳೇ ಇವತ್ತು ಲಿನಕ್ಸ್, ವಿಂಡೋಸ್, ಮ್ಯಾಕ್, ನಿಮ್ಮ ಜೇಬಿನ ಆಂಡ್ರಾಯ್ಡ್, ಎಲ್ಲದರಲ್ಲೂ ಇವೆ. ಜಾವಾಸ್ಕ್ರಿಪ್ಟ್‌ನಲ್ಲಿ ಎರಡು ವರ್ಷಕ್ಕೊಮ್ಮೆ ಫ್ರೇಮ್‌ವರ್ಕ್ ಬದಲಾಗುವ ಲೋಕದಲ್ಲಿ ನಲವತ್ತು ವರ್ಷ ದಾಟಿದರೂ ಹೆಸರು ಸಹಿತ ಬದಲಾಗದ ವಸ್ತು ಎಷ್ಟಿವೆ ಹೇಳಿ?

ಸರಿ, ಯಾವ ಪ್ರೋಗ್ರಾಂ ಬರೆಯಬೇಕು? ವಿಟಿಯು ಸಿಲಬಸ್‌ನಲ್ಲಿ ಓದಿದವರಿಗೆ ಇದು ಗೊತ್ತಿರುತ್ತದೆ: ಕ್ಲೈಂಟ್ (ಕೇಳುವ ಪ್ರೋಗ್ರಾಂ) ಒಂದು ಫೈಲಿನ ಹೆಸರು ಕಳಿಸಬೇಕು, ಆ ಫೈಲ್ ಇದ್ದರೆ ಸರ್ವರ್ (ಕೊಡುವ ಪ್ರೋಗ್ರಾಂ) ಅದರೊಳಗಿರುವುದನ್ನು ವಾಪಸ್ ಕಳಿಸಬೇಕು. ಲ್ಯಾಬ್ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ, ಮರುದಿನ ಟೈಪ್ ಮಾಡಿ, ಔಟ್‌ಪುಟ್ ತೋರಿಸಿ, ವೈವಾ ಮುಗಿಸಿ ಮರೆತುಬಿಡುವ ಪ್ರೋಗ್ರಾಂ. ನಗಬೇಡಿ. ಅದು ತುಂಬಾ ಒಳ್ಳೆಯ ಪ್ರೋಗ್ರಾಂ. ಅದನ್ನು ನಾವು ಔಟ್‌ಪುಟ್ ಬಂದ ಕ್ಷಣಕ್ಕೇ ನಿಲ್ಲಿಸುತ್ತೇವಲ್ಲ, ಅಸಲಿ ಪಾಠ ಅಲ್ಲಿಂದ ಶುರುವಾಗೋದು.

ಇದನ್ನು ಪೈಥಾನ್‌ನಲ್ಲಿ ಬರೆಯಿರಿ, ಸಿ ಬೇಡ. ಇದಕ್ಕೆ ಬೈಯುವವರು ಇದ್ದಾರೆ, ಗೊತ್ತು. ಆದರೆ ಸಿ ಭಾಷೆಯಲ್ಲಿ ಶುರು ಮಾಡಿದರೆ ಎರಡು ಪಾಠ ಒಟ್ಟಿಗೆ ತಲೆ ಮೇಲೆ ಬೀಳುತ್ತವೆ, ಒಂದು ನೆಟ್‌ವರ್ಕಿನದು, ಇನ್ನೊಂದು ಪಾಯಿಂಟರ್, ಸ್ಟ್ರಕ್ಚರ್, ಬೈಟ್ ಜೋಡಣೆಯದು. ಒಂದು ಉದಾಹರಣೆ ಕೇಳಿ. ನಾವು ಬಳಸುವ ಇಂಟೆಲ್ ಪ್ರೊಸೆಸರ್ ಒಂದು ಸಂಖ್ಯೆಯ ಬೈಟ್‌ಗಳನ್ನು ಹಿಂದುಮುಂದಾಗಿ ಇಟ್ಟುಕೊಳ್ಳುತ್ತದೆ, ನೆಟ್‌ವರ್ಕಿನಲ್ಲಿ ದೊಡ್ಡ ಬೆಲೆಯ ಬೈಟ್ ಮೊದಲು ಹೋಗಬೇಕು. ಸಿ ಭಾಷೆಯಲ್ಲಿ ಪೋರ್ಟ್ ಸಂಖ್ಯೆಯನ್ನು (ಒಂದು ಮಷೀನಿನಲ್ಲಿ ಯಾವ ಪ್ರೋಗ್ರಾಂ ಅಂತ ಹೇಳುವ ನಂಬರ್) ತಿರುಗಿಸಿ ಕೊಡುವುದು ಮರೆತರೆ ನಿಮ್ಮ ಸರ್ವರ್ 8080ರ ಬದಲು 36895ರಲ್ಲಿ ಹೋಗಿ ಕೂರುತ್ತದೆ. ಎರರ್ ಬರಲ್ಲ, ವಾರ್ನಿಂಗ್ ಬರಲ್ಲ, ಪ್ರೋಗ್ರಾಂ ಆರಾಮಾಗಿ ಓಡುತ್ತಾ ಇರುತ್ತದೆ. ಕ್ಲೈಂಟ್ ಮಾತ್ರ ಸಿಗುತ್ತಿಲ್ಲ ಸಿಗುತ್ತಿಲ್ಲ ಅನ್ನುತ್ತದೆ. ಇದು ಕಲಿಯಬೇಕಾದ ವಿಷಯವೇ, ಆದರೆ ಮೊದಲ ವಾರದಲ್ಲಿ ಒಬ್ಬ ಹುಡುಗ ಅಥವಾ ಹುಡುಗಿ ಇದನ್ನು ಹುಡುಕುತ್ತಾ ಕೂತರೆ ನೆಟ್‌ವರ್ಕ್ ತನಗಲ್ಲ ಅಂತ ಎದ್ದು ಹೋಗುತ್ತಾರೆ. ಪೈಥಾನ್‌ನ ಸಾಕೆಟ್ ಆ ಬೈಟ್ ತಿರುಗಿಸುವ ಕೆಲಸ ತಾನೇ ಮಾಡುತ್ತದೆ, ಉಳಿದ ಎಲ್ಲ ಕಷ್ಟವನ್ನು ಹಾಗೇ ನಿಮಗೆ ಬಿಡುತ್ತದೆ. ನಮಗೆ ಬೇಕಾಗಿರುವುದೂ ಅಷ್ಟೇ.

ಈಗ ಕೆಡಿಸೋಣ. ಎಲ್ಲರೂ ಮೊದಲು ಏನು ಬರೆಯುತ್ತಾರೆ ಅಂದರೆ, ಆ ಕಡೆ ಒಂದು ಸೆಂಡ್, ಈ ಕಡೆ ಒಂದು ರಿಸೀವ್ 1024, ಅಂದರೆ ಒಂದು ಸಲಕ್ಕೆ ಹೆಚ್ಚೆಂದರೆ 1024 ಬೈಟ್ ಓದು ಅಂತ. ಚಿಕ್ಕ ಇಂಗ್ಲಿಷ್ ಫೈಲ್ ಕೊಟ್ಟು ನೋಡುತ್ತಾರೆ, ಬಂತು, ಖುಷಿ. ಆ ಫೈಲ್ ತೆಗೆದು ಒಂದು ಕನ್ನಡ ಫೈಲ್ ಇಡಿ. ನಾಲ್ಕು ಪುಟದ ಕನ್ನಡ ಬರಹ. ರಿಸೀವ್ ಮಾಡಿ, ಬಂದಿದ್ದನ್ನು ಡಿಕೋಡ್ ಮಾಡಿ ಪ್ರಿಂಟ್ ಮಾಡಲು ಹೇಳಿ. ಹೆಚ್ಚಿನ ಸಲ ಏನೂ ಪ್ರಿಂಟ್ ಆಗುವುದಿಲ್ಲ, ಯೂನಿಕೋಡ್ ಡಿಕೋಡ್ ಎರರ್ ಬಂದು ಪ್ರೋಗ್ರಾಂ ಸಾಯುತ್ತದೆ.

ಯಾಕೆ? ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೂ (ಅಕ್ಷರ, ಗುಣಿತದ ಚಿಹ್ನೆ ಹೀಗೆ ಒಂದೊಂದಕ್ಕೂ) ಮೂರು ಬೈಟ್. 341 ಸಂಕೇತಕ್ಕೆ 1023 ಬೈಟ್ ಆಯಿತು. 1024ನೆಯ ಬೈಟ್ ಮುಂದಿನ ಅಕ್ಷರದ ಮೂರರಲ್ಲಿ ಒಂದು ಪಾಲು. ನೀವು ಅಕ್ಷರದ ಮಧ್ಯಕ್ಕೇ ಕತ್ತರಿ ಹಾಕಿದ್ದೀರಿ. ಮಧ್ಯೆ ಸ್ಪೇಸು, ಚುಕ್ಕಿಗಳು ಬಂದು ಲೆಕ್ಕ ಸರಿಹೋದರೆ ಎರರ್ ತಪ್ಪಬಹುದು, ಆಗಲೂ ಬರುವುದು ಫೈಲಿನ ಮೊದಲ ತುಂಡು ಮಾತ್ರ. ಇಂಗ್ಲಿಷ್ ಫೈಲಿನಲ್ಲೇ ಪರೀಕ್ಷೆ ಮಾಡಿ ಬಿಟ್ಟವರಿಗೆ ಈ ಎರರ್ ಕಾಣುವುದೇ ಇಲ್ಲ. ಈ ವಿಷಯದಲ್ಲಿ ಕನ್ನಡದವರಾದ ನಮಗೆ ಒಂದು ಅನುಕೂಲ ಇದೆ ಅಂತಲೇ ಹೇಳುತ್ತೇನೆ, ತಪ್ಪು ಬೇಗ ಸಿಕ್ಕಿಬೀಳುತ್ತದೆ.

ಇದರ ಹಿಂದಿನ ದೊಡ್ಡ ವಿಷಯ ಏನು ಅಂದರೆ, ಟಿಸಿಪಿಗೆ ಮೆಸೇಜ್ ಅನ್ನುವುದೇ ಗೊತ್ತಿಲ್ಲ. ಅದು ಬೈಟ್‌ಗಳನ್ನು ಹರಿಸುತ್ತದೆ, ಅಷ್ಟೇ. ಪೈಪಿನ ಈ ತುದಿಯಲ್ಲಿ ಮೂರು ಬಿಂದಿಗೆ ನೀರು ಸುರಿದರೆ ಆ ತುದಿಯಲ್ಲಿ ನಿಂತವರಿಗೆ ಮೂರು ಬಿಂದಿಗೆ ಅಂತ ಗೊತ್ತಾಗುತ್ತದಾ? ನೀರು ಬಂತು ಅಂತ ಮಾತ್ರ ಗೊತ್ತಾಗುತ್ತದೆ. ನೀವು ಮೂರು ಸಲ ಸೆಂಡ್ ಮಾಡಿದ್ದು ಆ ಕಡೆ ಒಂದೇ ರಿಸೀವ್‌ನಲ್ಲಿ ಬರಬಹುದು, ಒಂದು ಸೆಂಡ್ ಐದು ತುಂಡಾಗಿಯೂ ಬರಬಹುದು. ಎರಡೂ ಸರಿಯೇ.

ಇನ್ನೂ ಒಂದು ಮೋಸ ಇದೆ ಇಲ್ಲಿ. ಕ್ಲೈಂಟ್, ಸರ್ವರ್ ಎರಡೂ ನಿಮ್ಮ ಲ್ಯಾಪ್‌ಟಾಪಲ್ಲೇ ಇದ್ದರೆ ಈ ತಪ್ಪು ಅಡಗಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಲೂಪ್‌ಬ್ಯಾಕ್‌ನ (ಮಷೀನ್ ತನ್ನೊಂದಿಗೇ ಮಾತಾಡುವ ದಾರಿ) ಪ್ಯಾಕೆಟ್ ಮಿತಿ, ಅಂದರೆ ಒಂದು ಸಲಕ್ಕೆ ಹೋಗುವ ತುಂಡಿನ ಗರಿಷ್ಠ ಅಳತೆ, 65536 ಬೈಟ್, ಮಾಮೂಲಿ ಈಥರ್ನೆಟ್‌ನಲ್ಲಿ 1500. ಹೆಡರ್ (ವಿಳಾಸ ಮುಂತಾದ ವಿವರ ಇರುವ ಮುಂಭಾಗ) ಕಳೆದು ಒಂದು ಪ್ಯಾಕೆಟ್‌ನಲ್ಲಿ ಹೋಗುವ ಡೇಟಾ 1460 ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ. ರಿಸೀವ್ 65536 ಅಂತ ದೊಡ್ಡ ಬಫರ್ ಇಟ್ಟು 20 ಸಾವಿರ ಬೈಟಿನ ಫೈಲ್ ಕಳಿಸಿದರೆ, ಒಂದೇ ಮಷೀನಿನಲ್ಲಿ ಸಾಮಾನ್ಯವಾಗಿ ಒಂದೇ ಏಟಿಗೆ ಬರುತ್ತದೆ. ವೈಫೈ ಮೇಲೆ ಪಕ್ಕದ ಮಷೀನಿಗೆ ಕಳಿಸಿ ನೋಡಿ, ತುಂಡು ತುಂಡಾಗಿ ಬರುತ್ತದೆ. "ನನ್ನ ಮಷೀನಲ್ಲಿ ಓಡ್ತಿತ್ತು ಸರ್" ಅನ್ನುವ ಮಾತಿದೆಯಲ್ಲ, ಇಲ್ಲಿ ಅದು ನಿಜವೇ ಆಗಿರುತ್ತದೆ!

ಹಾಗಾದರೆ ಸರಿ ಮಾಡುವುದು ಹೇಗೆ? ಮೊದಲು ನಾಲ್ಕು ಬೈಟ್‌ನಲ್ಲಿ ಉದ್ದ ಕಳಿಸಿ, ಆಮೇಲೆ ಡೇಟಾ. ಆ ಕಡೆಯವರು ನಾಲ್ಕು ಬೈಟ್ ಪೂರ್ತಿ ಬರುವ ತನಕ ಲೂಪ್ ಹಾಕಿ ಓದಬೇಕು, ಆಮೇಲೆ ಅಷ್ಟು ಡೇಟಾ ಪೂರ್ತಿ ಬರುವ ತನಕ ಲೂಪ್. ಉದ್ದ ಅಂದಾಗ ಮತ್ತೆ ಕನ್ನಡ ಅಡ್ಡ ಬರುತ್ತದೆ ನೋಡಿ. "ಕನ್ನಡ" ಅನ್ನುವುದು ನಮ್ಮ ಕಣ್ಣಿಗೆ ಮೂರು ಅಕ್ಷರ. ಪೈಥಾನ್‌ಗೆ ಕೇಳಿದರೆ ಉದ್ದ 5 ಅನ್ನುತ್ತದೆ, ಒತ್ತಕ್ಷರ ಕೂಡಿಸುವ ವಿರಾಮ ಅನ್ನುವ ಚಿಹ್ನೆಯೂ (್) ಕೆಳಗಿನ ನ ಕೂಡ ಬೇರೆ ಬೇರೆ ಸಂಕೇತ. ತಂತಿಯ ಮೇಲೆ ಹೋಗುವುದು 15 ಬೈಟ್. ನೀವು 5 ಅಂತ ಬರೆದು ಕಳಿಸಿದರೆ ಆ ಕಡೆಯವರಿಗೆ ಒಂದು ಅಕ್ಷರ, ಮತ್ತೊಂದರ ಮುಕ್ಕಾಲಿಗಿಂತ ಕಡಿಮೆ ಸಿಗುತ್ತದೆ. ಮೊದಲು ಎನ್‌ಕೋಡ್ ಮಾಡಿ, ಆಮೇಲೆ ಉದ್ದ ಅಳೆಯಿರಿ.

ಲೂಪ್ ಹಾಕುವಾಗ ಇನ್ನೊಂದು ಸಣ್ಣ ವಿಷಯ. ರಿಸೀವ್ ಖಾಲಿ ಬೈಟ್ ಕೊಟ್ಟರೆ ಆ ಕಡೆಯವರು ಕನೆಕ್ಷನ್ ಮುಚ್ಚಿದ್ದಾರೆ ಅಂತ ಅರ್ಥ. ಇದನ್ನು ನೋಡದೆ ಲೂಪ್ ಹಾಕಿದರೆ ಅದು ಖಾಲಿಯನ್ನೇ ಓದುತ್ತಾ ಓದುತ್ತಾ ಸಿಪಿಯು ನೂರಕ್ಕೆ ಹೋಗಿ ಲ್ಯಾಪ್‌ಟಾಪ್ ಫ್ಯಾನ್ ಕೂಗಲು ಶುರು ಮಾಡುತ್ತದೆ.

ಈಗ ನಿಮ್ಮ ಸರ್ವರ್ ಉದ್ದ ಓದಿ ಡೇಟಾ ಓದುತ್ತದೆ. ಯಾರೋ ಒಬ್ಬ ನಾಲ್ಕು ಬೈಟಿನಲ್ಲೂ ಎಲ್ಲ ಬಿಟ್ ಒಂದು ಅಂತ ಕಳಿಸಿದ ಅಂದುಕೊಳ್ಳಿ. ಅಂದರೆ ಉದ್ದ 4294967295. ನಿಮ್ಮ ಪ್ರೋಗ್ರಾಂ 400 ಕೋಟಿಗಿಂತ ಜಾಸ್ತಿ ಬೈಟ್‌ಗೆ ಕಾಯುತ್ತಾ ಕೂರುತ್ತದೆ, ಬುದ್ಧಿವಂತಿಕೆ ಮಾಡಿ ಮೊದಲೇ ಜಾಗ ತೆಗೆದಿಟ್ಟಿದ್ದರಂತೂ ಮೆಮೊರಿಯೇ ಮುಗಿಯುತ್ತದೆ. ಆ ಕಡೆಯವರು ಹೇಳಿದ ಉದ್ದವನ್ನು ನಂಬಬಾರದು, ಒಂದು ಮಿತಿ ಇಡಬೇಕು ಅಂತ ಇಲ್ಲಿ ಕೈಯಾರೆ ಗೊತ್ತಾಗುತ್ತದೆ.

ಇದನ್ನು ಯಾಕೆ ಇಷ್ಟು ಎಳೆದು ಹೇಳುತ್ತಿದ್ದೇನೆ ಅಂದರೆ, ಹಾರ್ಟ್‌ಬ್ಲೀಡ್ ಅನ್ನುವ ಭದ್ರತೆಯ ತೂತಿನ ಬಗ್ಗೆ ಕೇಳಿದ್ದೀರಲ್ಲ, 2014ರ ಏಪ್ರಿಲ್‌ನಲ್ಲಿ ಹೊರಬಂದಿದ್ದು. ಇಂಟರ್ನೆಟ್ ಮಾತುಕತೆಯನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಹಾರ್ಟ್‌ಬೀಟ್ ಅಂತ ಒಂದು ಸೌಲಭ್ಯ ಇತ್ತು. ಒಂದು ಕಡೆಯವರು ಸ್ವಲ್ಪ ಡೇಟಾ, ಅದರ ಉದ್ದ ಕಳಿಸುತ್ತಾರೆ, ಇನ್ನೊಂದು ಕಡೆಯವರು ಅದನ್ನೇ ವಾಪಸ್ ಕಳಿಸಬೇಕು, ಕನೆಕ್ಷನ್ ಇನ್ನೂ ಬದುಕಿದೆ ಅಂತ ತಿಳಿಯೋದಕ್ಕೆ. ಒಂದು ಬೈಟ್ ಕಳಿಸಿ ಉದ್ದ ಮಾತ್ರ 64 ಸಾವಿರದ ಹತ್ತಿರ ಅಂತ ಬರೆದರೆ? ಸರ್ವರ್ ನಂಬಿತು, ತನ್ನ ಮೆಮೊರಿಯಲ್ಲಿ ಪಕ್ಕದಲ್ಲಿ ಏನಿತ್ತೋ ಅದನ್ನೂ ಸೇರಿಸಿ ಕಳಿಸಿತು. ಪಾಸ್‌ವರ್ಡ್ ಇರಬಹುದು, ಸರ್ವರಿನ ಗುಟ್ಟಿನ ಕೀ ಇರಬಹುದು. 2012ರಿಂದ ಎರಡು ವರ್ಷ ಆ ತೂತು ಹಾಗೇ ಇತ್ತು. ನಿಮ್ಮ ಪುಟ್ಟ ಫೈಲ್ ಸರ್ವರಿನಲ್ಲಿ ಆಗಬಹುದಾದ ತಪ್ಪು, ಇಡೀ ಇಂಟರ್ನೆಟ್ ನಂಬಿಕೊಂಡಿದ್ದ ಲೈಬ್ರರಿಯಲ್ಲಿ ಆದ ತಪ್ಪು, ಎರಡೂ ಒಂದೇ ಜಾತಿಯವು.

ಇದನ್ನು ಕೇಳಿ ಎರಡು ಪಂಗಡದವರೂ ತಮ್ಮದೇ ಗೆದ್ದಿತು ಅನ್ನುತ್ತಾರೆ. ನೋಡಿ ಲೈಬ್ರರಿ ನಂಬಬಾರದು ಅಂತ ಒಬ್ಬರು. ನೋಡಿ ಅಂಥವರೇ ತಪ್ಪು ಮಾಡಿದ ಮೇಲೆ ನಾವು ಬರೆದರೆ ಏನು ಗತಿ ಅಂತ ಇನ್ನೊಬ್ಬರು. ನನ್ನ ಓಟು ಎರಡನೆಯವರಿಗೆ. ಟಿಎಲ್‌ಎಸ್ (ಮಾತುಕತೆ ಗುಟ್ಟಾಗಿಡುವ ಆ ಪ್ರೋಟೋಕಾಲ್) ನೀವು ಬರೆಯಬೇಡಿ. ಅದರ ಬಗ್ಗೆ ಚರ್ಚೆಯೂ ಬೇಡ. ತೂತು ಸಿಕ್ಕಿದಾಗ ಓಪನ್‌ಎಸ್‌ಎಸ್‌ಎಲ್‌ನವರು ಸರಿಪಡಿಸಿದರು, ಹೆಚ್ಚಿನವರು ಅಪ್‌ಡೇಟ್ ಮಾಡಿಕೊಂಡರು. ನೀವು ಬರೆದಿದ್ದರಲ್ಲಿ ತೂತು ಇದ್ದರೆ ಹುಡುಕೋರು ಯಾರು?

ಎರಡನೆಯ ಪ್ರಯೋಗಕ್ಕೆ ಎರಡು ಲ್ಯಾಪ್‌ಟಾಪ್ ಬೇಕು, ಗೆಳೆಯರದ್ದು ಕೇಳಿ ತಗೊಳ್ಳಿ. ಎರಡನ್ನೂ ಒಂದೇ ವೈಫೈಗೆ ಹಾಕಿ. ಕ್ಲೈಂಟ್ ಕನೆಕ್ಟ್ ಆಗಿ ರಿಸೀವ್‌ನಲ್ಲಿ ಕಾಯುತ್ತಿರಲಿ. ಮೊದಲು ಸರ್ವರ್ ಪ್ರೋಗ್ರಾಂ ಅನ್ನು ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ. ಕ್ಲೈಂಟ್‌ಗೆ ತಕ್ಷಣ ಗೊತ್ತಾಗುತ್ತದೆ, ಖಾಲಿ ಬೈಟ್ ಬರುತ್ತದೆ. ಪ್ರೋಗ್ರಾಂ ಸತ್ತರೂ ಆ ಮಷೀನಿನ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬದುಕಿದೆ, ಅದು ಕನೆಕ್ಷನ್ ಮುಗಿಯಿತು ಅಂತ ಹೇಳಿ ಕಳಿಸುತ್ತದೆ. ಮತ್ತೆ ಶುರು ಮಾಡಿ. ಈ ಸಲ ಸರ್ವರ್ ಇರುವ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಕ್ಲೈಂಟ್ ಏನು ಮಾಡುತ್ತದೆ?

ಏನೂ ಮಾಡುವುದಿಲ್ಲ. ಟೀ ಕುಡಿದು ಬನ್ನಿ, ಹಾಗೇ ಕಾಯುತ್ತಿರುತ್ತದೆ. ಊಟ ಮಾಡಿ ಬನ್ನಿ, ಇನ್ನೂ ಕಾಯುತ್ತಿರುತ್ತದೆ. ಹೇಳುವವರು ಯಾರೂ ಇಲ್ಲ, ಹಾಗಾಗಿ ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಆ ಕಡೆ ಇನ್ನೂ ಇದೆಯಾ ಅಂತ ವಿಚಾರಿಸುವ ಕೀಪ್‌ಅಲೈವ್ ಅಂತ ಒಂದಿದೆ, ಅದನ್ನು ನೀವೇ ಆನ್ ಮಾಡಬೇಕು, ಮಾಡಿದರೂ ಲಿನಕ್ಸ್‌ನಲ್ಲಿ ಮೊದಲ ವಿಚಾರಣೆ ಹೋಗುವುದು 7200 ಸೆಕೆಂಡ್ ಆದ ಮೇಲೆ. ಎರಡು ಗಂಟೆ. ಕ್ಲೈಂಟ್ ಸುಮ್ನೆ ಕಾಯದೆ ಏನಾದರೂ ಕಳಿಸಿತು ಅಂದರೆ, ಉತ್ತರ ಬರದಿದ್ದಾಗ ಲಿನಕ್ಸ್ ಮತ್ತೆ ಮತ್ತೆ ಕಳಿಸಿ ಸುಮಾರು ಕಾಲು ಗಂಟೆ ಆದ ಮೇಲೆ ಕೈಬಿಡುತ್ತದೆ. ಇಷ್ಟು ಹೊತ್ತು ಯಾವ ಗ್ರಾಹಕ ಕಾಯುತ್ತಾನೆ?

ಈಗ ಲೈಬ್ರರಿ ಕಡೆ ಬನ್ನಿ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ, ವೆಬ್ ಸರ್ವರಿನ ಜೊತೆ ಮಾತಾಡಲು ಬಹುತೇಕ ಎಲ್ಲರೂ ಬಳಸುವಂಥದ್ದು. ಅದರಲ್ಲಿ ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ) ನೀವು ಕೊಡದಿದ್ದರೆ ಟೈಮ್‌ಔಟ್ ಇಲ್ಲವೇ ಇಲ್ಲ. ಡಾಕ್ಯುಮೆಂಟೇಶನ್‌ನಲ್ಲೇ ಬರೆದಿದ್ದಾರೆ, ಕೊಡಿ ಅಂತ. ವೈಫೈ ಆಫ್ ಮಾಡಿ ನೋಡಿದವರು ಆ ಸಾಲನ್ನು ಓದಿದ ಕೂಡಲೇ ಎದ್ದು ಕೂರುತ್ತಾರೆ, ನೋಡದವರು ದಾಟಿ ಹೋಗುತ್ತಾರೆ. ಇನ್ನೊಂದು ಸೂಕ್ಷ್ಮ ಇದೆ. ಟೈಮ್‌ಔಟ್ 5 ಅಂತ ಕೊಟ್ಟರೆ ಇಡೀ ಕೆಲಸ ಐದು ಸೆಕೆಂಡಿನಲ್ಲಿ ಮುಗಿಯುತ್ತದೆ ಅಂತಲ್ಲ. ಐದು ಸೆಕೆಂಡ್ ಯಾವ ಬೈಟೂ ಬರದಿದ್ದರೆ ಮಾತ್ರ ಅದು ಕೈಬಿಡುತ್ತದೆ. ನಾಲ್ಕು ಸೆಕೆಂಡಿಗೆ ಒಂದೊಂದು ಬೈಟ್ ತೊಟ್ಟಿಕ್ಕಿಸುವ ಸರ್ವರ್ ನಿಮ್ಮನ್ನು ಇಡೀ ದಿನ ಕೂರಿಸಬಹುದು. ಸಾಕೆಟ್‌ನಲ್ಲಿ ಲೂಪ್ ಬರೆದು ಅದಕ್ಕೆ ಟೈಮ್‌ಔಟ್ ಇಟ್ಟವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಒಂದೊಂದು ರಿಸೀವ್‌ಗೂ ಗಡಿಯಾರ ಹೊಸದಾಗಿ ಶುರುವಾಗುತ್ತದೆ ಅಂತ ಅವರೇ ಕಂಡಿರುತ್ತಾರೆ.

ಟೈಮ್‌ಔಟ್ ಆಯಿತು. ಆಮೇಲೆ? ಇಲ್ಲಿ ನನಗೆ ಯುಪಿಐ ಉದಾಹರಣೆಯೇ ಇಷ್ಟ. ಅಂಗಡಿಯಲ್ಲಿ ನಿಂತಿದ್ದೀರಿ, ಸ್ಕ್ಯಾನ್ ಮಾಡಿದಿರಿ, ಪಿನ್ ಹಾಕಿದಿರಿ, ಚಕ್ರ ತಿರುಗುತ್ತಾ ಇದೆ. ಅಂಗಡಿಯವರ ಸ್ಪೀಕರ್ ಮಾತಾಡುತ್ತಿಲ್ಲ. "ಬಂದಿಲ್ಲ ಸರ್, ಇನ್ನೊಂದ್ಸಲ ಹಾಕಿ" ಅನ್ನುತ್ತಾರೆ. ಹಾಕಬೇಕಾ? ನಿಮ್ಮ ದುಡ್ಡು ಹೋಗಲೇ ಇಲ್ಲವೋ, ಹೋಗಿ ಉತ್ತರ ಮಾತ್ರ ಕಳೆದುಹೋಗಿದೆಯೋ, ಇನ್ನೂ ದಾರಿಯಲ್ಲಿದೆಯೋ, ಮೂರರಲ್ಲಿ ಯಾವುದು ಅಂತ ನಿಮ್ಮ ಫೋನಿಗೂ ಗೊತ್ತಿಲ್ಲ. ಅದಕ್ಕೇ ಆಪ್‌ನಲ್ಲಿ ಪೆಂಡಿಂಗ್ ಅಂತ ಮೂರನೆಯ ಸ್ಥಿತಿ ಇದೆ. ಯಶಸ್ವಿ, ವಿಫಲ, ಎರಡೇ ಇದ್ದರೆ ಆ ಆಪ್ ಸುಳ್ಳು ಹೇಳಿದ ಹಾಗೆ ಆಗುತ್ತಿತ್ತು.

ಸಾಕೆಟ್ ಮಟ್ಟದಲ್ಲಿ ಇದನ್ನು ನೋಡುವುದು ಸುಲಭ. ಸೆಂಡ್ ಸರಿಯಾಗಿ ಮುಗಿಯಿತು ಅಂದರೆ ಡೇಟಾ ಆ ಕಡೆ ತಲುಪಿತು ಅಂತ ಅರ್ಥ ಅಲ್ಲವೇ ಅಲ್ಲ. ನಿಮ್ಮ ಮಷೀನಿನ ಕರ್ನಲ್ ಬಫರಿಗೆ ಕಾಪಿ ಆಯಿತು, ಅಷ್ಟೇ. ವೈಫೈ ಆಫ್ ಆಗಿರುವ ಸರ್ವರಿಗೆ ಸೆಂಡ್ ಮಾಡಿ ನೋಡಿ, ಏನೂ ತಕರಾರಿಲ್ಲದೆ ಮುಗಿಯುತ್ತದೆ. ಇದನ್ನು ಕಣ್ಣಾರೆ ಕಂಡ ಮೇಲೆ ಲೈಬ್ರರಿಯ ಕೆಲವು ವಿಚಿತ್ರ ನಡವಳಿಕೆಗಳು ಅರ್ಥವಾಗುತ್ತವೆ. ರಿಕ್ವೆಸ್ಟ್ಸ್‌ನಲ್ಲಿ ಟೈಮ್‌ಔಟ್‌ಗೆ ಎರಡು ಬೇರೆ ಎರರ್ ಇವೆ, ಕನೆಕ್ಟ್ ಟೈಮ್‌ಔಟ್, ರೀಡ್ ಟೈಮ್‌ಔಟ್. ಮೊದಲನೆಯದು ಬಂದರೆ ಮತ್ತೆ ಪ್ರಯತ್ನಿಸಬಹುದು, ಏನೂ ಅಪಾಯ ಇಲ್ಲ, ನಿಮ್ಮ ಮಾತು ಆ ಕಡೆ ಹೋಗಿಯೇ ಇಲ್ಲ. ಎರಡನೆಯದು ಬಂದರೆ ಕೆಲಸ ಆಗಿರಲೂಬಹುದು. ಅದರ ಕೆಳಗಿರುವ ಯುಆರ್‌ಎಲ್‌ಲಿಬ್3ರಲ್ಲಿ ಮರುಪ್ರಯತ್ನದ ಸೌಲಭ್ಯ ಇದೆ, ವೆಬ್ ರಿಕ್ವೆಸ್ಟಿನ ಬಗೆಗಳಲ್ಲಿ ಗೆಟ್, ಪುಟ್, ಡಿಲೀಟ್‌ಗಳನ್ನು ಮತ್ತೆ ಕಳಿಸುತ್ತದೆ, ಉತ್ತರ ಬರದ ಪೋಸ್ಟ್ ಅನ್ನು ಮಾತ್ರ ತಾನಾಗಿ ಮತ್ತೆ ಕಳಿಸುವುದಿಲ್ಲ. ಪೋಸ್ಟ್ ಅಂದರೆ ಆರ್ಡರ್ ಆಗಿರಬಹುದು, ದುಡ್ಡಾಗಿರಬಹುದು. ಎಷ್ಟೋ ಜನ ಇದನ್ನು ಬಗ್ ಅಂದುಕೊಂಡು ಪೋಸ್ಟನ್ನೂ ಆ ಪಟ್ಟಿಗೆ ಸೇರಿಸಿಬಿಡುತ್ತಾರೆ. ಗ್ರಾಹಕರಿಗೆ ಒಂದೇ ವಸ್ತು ಎರಡು ಸಲ ಬರುತ್ತದೆ. ಪೋಸ್ಟ್ ಮರುಕಳಿಸಲೇಬೇಕು ಅಂದರೆ ಪ್ರತಿ ಆರ್ಡರಿಗೂ ಒಂದು ನಂಬರ್ ಕೊಟ್ಟು, ಅದೇ ನಂಬರ್ ಮತ್ತೆ ಬಂದರೆ ಸರ್ವರ್ ಹಳೆಯ ಉತ್ತರವನ್ನೇ ಕೊಡುವ ಹಾಗೆ ಮಾಡಬೇಕು. ಇದನ್ನು ಯಾವ ಲೈಬ್ರರಿಯೂ ನಿಮ್ಮ ಬದಲು ಯೋಚಿಸಿ ಕೊಡುವುದಿಲ್ಲ.

ಸ್ವಲ್ಪ ಪಕ್ಕಕ್ಕೆ ಹೋಗಿ ಬರುತ್ತೇನೆ. ಈ ಪ್ರಯೋಗಗಳನ್ನು ಮಾಡುವಾಗ ನಿಮ್ಮ ಕೋಡಿನ ತಪ್ಪಲ್ಲದ ಎರಡು ವಿಷಯ ಕಾಡುತ್ತವೆ. ಒಂದು, ಸರ್ವರ್ ನಿಲ್ಲಿಸಿ ತಕ್ಷಣ ಶುರು ಮಾಡಿದರೆ "ವಿಳಾಸ ಆಗಲೇ ಬಳಕೆಯಲ್ಲಿದೆ" ಅನ್ನುವ ಎರರ್. ಹಳೆಯ ಕನೆಕ್ಷನ್ನಿನ ತಡವಾದ ಪ್ಯಾಕೆಟ್ ಹೊಸದಕ್ಕೆ ಸೇರಬಾರದು ಅಂತ ಲಿನಕ್ಸ್ ಅದನ್ನು 60 ಸೆಕೆಂಡ್ ನೆನಪಿಟ್ಟುಕೊಳ್ಳುತ್ತದೆ. ಹುಡುಗರು ಏನು ಮಾಡುತ್ತಾರೆ, 8080 ಹೋಯಿತಾ, 8081 ಹಾಕು, 8082 ಹಾಕು, ಹೀಗೆ ಸಂಜೆ ಹೊತ್ತಿಗೆ 8090ಕ್ಕೆ ಬಂದಿರುತ್ತಾರೆ. ರೀಯೂಸ್ ಅಡ್ರೆಸ್ ಅಂತ ಒಂದು ಸೆಟ್ಟಿಂಗ್ ಇದೆ, ಬೈಂಡ್‌ಗೆ ಮೊದಲು ಹಾಕಿ.

ಎರಡು, ಶಿವಮೊಗ್ಗದಲ್ಲಿರುವ ಗೆಳತಿ ಮೈಸೂರಿನ ನಿಮ್ಮ ಮನೆಯ ಸರ್ವರಿಗೆ ಕನೆಕ್ಟ್ ಆಗಲು ನೋಡುತ್ತಾಳೆ, ಆಗುವುದಿಲ್ಲ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನ ಕರೆಯನ್ನು ಒಳಗಿನ ಮಷೀನಿಗೆ ದಾಟಿಸುವುದು) ಎಲ್ಲ ಮಾಡಿದರೂ ಆಗುವುದಿಲ್ಲ. ರೂಟರ್ ಪುಟದಲ್ಲಿ ಹೊರಗಿನ ಐಪಿ ವಿಳಾಸ ನೋಡಿ. 100.64ರಿಂದ 100.127ರ ಒಳಗೆ ಇದ್ದರೆ ನೀವೂ ನಿಮ್ಮ ಬೀದಿಯ ಬೇರೆ ಮನೆಗಳೂ ಒಂದೇ ಹೊರವಿಳಾಸದ ಹಿಂದೆ ಇದ್ದೀರಿ, ಇಂಟರ್ನೆಟ್ ಕಂಪನಿಯವರೇ ನ್ಯಾಟ್ (ಒಂದೇ ವಿಳಾಸ ಹಂಚುವ ವ್ಯವಸ್ಥೆ) ಹಾಕಿದ್ದಾರೆ. ನಮ್ಮಲ್ಲಿ ಇದು ತುಂಬಾ ಸಾಮಾನ್ಯ. ಕೋಡ್ ತಿದ್ದುತ್ತಾ ಕೂರಬೇಡಿ, ಒಂದೇ ವೈಫೈನಲ್ಲಿ ಕೆಲಸ ಮಾಡಿ, ಇಲ್ಲಾ ಚಿಕ್ಕ ಕ್ಲೌಡ್ ಮಷೀನ್ ತಗೊಳ್ಳಿ.

ಲೈಬ್ರರಿ ಎಷ್ಟು ಮಾಡುತ್ತದೆ ಅನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಎಲ್ಲರೂ ನಾಳೆಯಿಂದ ತಾವೇ ಎಚ್‌ಟಿಟಿಪಿ (ವೆಬ್‌ನ ಪ್ರೋಟೋಕಾಲ್) ಬರೆಯಲು ಕೂರುತ್ತೀರಿ. ಒಂದು ಹೆಸರನ್ನು ಕೊಟ್ಟು ಕನೆಕ್ಟ್ ಆಗು ಅನ್ನುವುದು ಚಿಕ್ಕ ಕೆಲಸ ಅನ್ನಿಸುತ್ತದೆ ಅಲ್ವಾ? ಆ ಹೆಸರಿಗೆ ಹಳೆಯ ಬಗೆಯ ಐಪಿವಿ4 ವಿಳಾಸ ಇರಬಹುದು, ಹೊಸ ಬಗೆಯ ಐಪಿವಿ6 ಇರಬಹುದು, ಎರಡೂ ಇದ್ದು ಒಂದು ಕೆಲಸ ಮಾಡದೇ ಇರಬಹುದು. ಹಾಗಾಗಿ ಒಂದಕ್ಕೆ ಕನೆಕ್ಟ್ ಆಗಲು ಶುರು ಮಾಡಿ, 250 ಮಿಲಿಸೆಕೆಂಡಿನಲ್ಲಿ ಆಗದಿದ್ದರೆ ಇನ್ನೊಂದನ್ನೂ ಜೊತೆಗೇ ಶುರು ಮಾಡಿ, ಮೊದಲು ಗೆದ್ದದ್ದನ್ನು ಇಟ್ಟುಕೊಳ್ಳಬೇಕು. ಹ್ಯಾಪಿ ಐಬಾಲ್ಸ್ ಅಂತ ಇದರ ಹೆಸರು, 2017ರ ಆರ್‌ಎಫ್‌ಸಿ 8305 ಅನ್ನುವ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲಿ ವಿವರ ಇದೆ. ಐಪಿವಿ6 ಬಳಕೆಯಲ್ಲಿ ಭಾರತ ಮುಂದಿನ ಸಾಲಿನಲ್ಲಿದೆ, ನಮ್ಮ ಮೊಬೈಲ್ ಡೇಟಾದಲ್ಲಿ ಅದು ದಿನದ ಮಾತು. ಹಾಗಾಗಿ ಐಪಿವಿ4 ಒಂದನ್ನೇ ನಂಬಿ ಬರೆದ ಕೋಡ್ ಇಲ್ಲೇ ಮೊದಲು ಮುಗ್ಗರಿಸುವ ಸಾಧ್ಯತೆ ಜಾಸ್ತಿ. ಕರ್ಲ್ ಅನ್ನುವ ಡೇಟಾ ವರ್ಗಾವಣೆಯ ಉಪಕರಣ ಇದನ್ನೆಲ್ಲ ಸದ್ದಿಲ್ಲದೆ ಮಾಡುತ್ತದೆ. ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಆ ಹೆಸರಿನಲ್ಲಿ ಬಿಟ್ಟಿದ್ದು, ಈಗಲೂ ಅವರೇ ಮುಂದೆ ನಿಂತು ನಡೆಸುತ್ತಿದ್ದಾರೆ. ಅಷ್ಟು ವರ್ಷದ ಪೆಟ್ಟು ತಿಂದ ಕೋಡ್ ಅದು.

ಎಚ್‌ಟಿಟಿಪಿ ಪಾರ್ಸ್ ಮಾಡುವುದೂ ಹಾಗೇ. ಗೆಟ್ ಸಾಲು ಬರೆದು ಕಳಿಸಿ ಉತ್ತರ ಓದುವುದು ಒಂದು ಮಧ್ಯಾಹ್ನದ ಕೆಲಸ, ಮಾಡಿ ನೋಡಿ, ಮಜಾ ಇದೆ. ಆದರೆ ಒಂದೇ ರಿಕ್ವೆಸ್ಟ್‌ನಲ್ಲಿ ಉದ್ದ ಹೇಳುವ ಎರಡು ಹೆಡರ್ ಇದ್ದು ಒಂದಕ್ಕೊಂದು ತಾಳೆ ಆಗದಿದ್ದರೆ, ಎದುರಿಗೆ ನಿಂತ ಪ್ರಾಕ್ಸಿ (ಮಧ್ಯವರ್ತಿ ಸರ್ವರ್) ಒಂದನ್ನು ನಂಬಿ ಅದರ ಹಿಂದೆ ಇರುವ ಸರ್ವರ್ ಇನ್ನೊಂದನ್ನು ನಂಬಿದರೆ, ಮಧ್ಯದಲ್ಲಿ ಕಳ್ಳ ರಿಕ್ವೆಸ್ಟ್ ತೂರಿಸಬಹುದು. ಮತ್ತೆ ಅದೇ ಉದ್ದದ ಕಥೆ ನೋಡಿ. ಸಾವಿರಾರು ಕನೆಕ್ಷನ್ ಒಟ್ಟಿಗೆ ನಿಭಾಯಿಸುವುದು ಇನ್ನೊಂದು ದೊಡ್ಡ ಅಧ್ಯಾಯ, ಡ್ಯಾನ್ ಕೆಗೆಲ್ 1999ರಲ್ಲಿ ಹತ್ತು ಸಾವಿರ ಕ್ಲೈಂಟ್‌ಗಳ ಸಮಸ್ಯೆ ಅಂತ ಬರೆದಿದ್ದರು. ಈಗ ಅದನ್ನು ಲಿನಕ್ಸ್‌ನ ಎಪೋಲ್ ಸೌಲಭ್ಯ ಮತ್ತು ಅದರ ಮೇಲಿನ ಲೈಬ್ರರಿಗಳು ನೋಡಿಕೊಳ್ಳುತ್ತವೆ. ಕಲಿಯುವವರು ಆ ಕಡೆ ಈಗಲೇ ಹೋಗಬೇಕಿಲ್ಲ.

ಒಬ್ಬರು ಕೇಳಿದರು: ಲೈಬ್ರರಿಯನ್ನೇ ಬಳಸುತ್ತಿದ್ದೇವೆ, ಚಿಕ್ಕ ಚಿಕ್ಕ ಮೆಸೇಜ್ ಕಳಿಸಿದಾಗ ಪ್ರತಿ ಸಲ ಸುಮಾರು 40 ಮಿಲಿಸೆಕೆಂಡ್ ತಡ ಆಗುತ್ತೆ, ಯಾಕೆ ಸರ್? ಈ 40 ಕೇಳಿದ ತಕ್ಷಣ ನನಗೆ ಒಂದು ಅನುಮಾನ ಬರುತ್ತದೆ. ಜಾನ್ ನೇಗಲ್ 1984ರಲ್ಲಿ ಒಂದು ಉಪಾಯ ಹೇಳಿದರು. ದೂರದ ಮಷೀನಿನಲ್ಲಿ ಟೈಪ್ ಮಾಡಲು ಬಳಸುವ ಟೆಲ್ನೆಟ್‌ನಲ್ಲಿ ಒಂದು ಕೀ ಒತ್ತಿದರೆ ಒಂದು ಬೈಟ್ ಡೇಟಾಗೆ 40 ಬೈಟ್ ಹೆಡರ್, ಒಟ್ಟು 41 ಬೈಟಿನ ಪ್ಯಾಕೆಟ್ ಹೋಗುತ್ತಿತ್ತು. ಹಾಗಾಗಿ ಹಿಂದೆ ಕಳಿಸಿದ್ದಕ್ಕೆ ತಲುಪಿತು ಅಂತ ಉತ್ತರ ಬರುವ ತನಕ ಚಿಕ್ಕ ತುಂಡುಗಳನ್ನು ಕೂಡಿಡು ಅಂದರು. ಆ ಕಡೆಯವರು ತಮ್ಮ ಉಳಿತಾಯಕ್ಕಾಗಿ ತಲುಪಿತು ಅನ್ನುವ ಉತ್ತರವನ್ನೇ ಸ್ವಲ್ಪ ತಡ ಮಾಡಿ ಕಳಿಸುತ್ತಾರೆ. ಇವರು ಅವರಿಗೆ ಕಾಯುತ್ತಾರೆ, ಅವರು ಇವರಿಗೆ ಕಾಯುತ್ತಾರೆ, ಲಿನಕ್ಸ್‌ನಲ್ಲಿ ಅದು 40 ಮಿಲಿಸೆಕೆಂಡ್ ಆಗಿ ಕಾಣುತ್ತದೆ. ಈ ಕೂಡಿಡುವುದನ್ನು ನಿಲ್ಲಿಸುವ ನೋ-ಡಿಲೇ (TCP_NODELAY) ಅನ್ನುವ ಆಯ್ಕೆ ಹಾಕಿ, ಅಥವಾ ಹೆಡರ್, ಡೇಟಾ ಎರಡನ್ನೂ ಸೇರಿಸಿ ಒಂದೇ ಸಲ ಸೆಂಡ್ ಮಾಡಿ. ಗೋ ಭಾಷೆಯವರು ನೇಗಲ್ ಉಪಾಯವನ್ನು ಮೊದಲೇ ಆಫ್ ಮಾಡಿಟ್ಟಿದ್ದಾರೆ. ವೈರ್‌ಶಾರ್ಕ್ ತೆರೆದು ಪ್ಯಾಕೆಟ್ ನೋಡಿದರೆ ಐದು ನಿಮಿಷದಲ್ಲಿ ಖಚಿತ ಆಗುತ್ತದೆ.

ಇನ್ನೊಬ್ಬರು: ಇದನ್ನೆಲ್ಲ ಎಐ ಬರೆದುಕೊಡುತ್ತಲ್ಲ, ನಾವು ಯಾಕೆ ಕಲೀಬೇಕು? ಬರೆಸಿಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಬಂದ ಕೋಡಿನಲ್ಲಿ ರಿಸೀವ್ ಸುತ್ತ ಲೂಪ್ ಇದೆಯಾ, ಉದ್ದಕ್ಕೆ ಮಿತಿ ಇದೆಯಾ, ಟೈಮ್‌ಔಟ್ ಇದೆಯಾ ಅಂತ ನೋಡಲು ನಿಮಗೆ ಬರಬೇಕು. ಒಂದೇ ರಿಸೀವ್ ಇರುವ ಕೋಡ್ ಎರಡು ಸಾಲು ಚಿಕ್ಕದಾಗಿ, ಚೆನ್ನಾಗಿಯೇ ಕಾಣುತ್ತದೆ. ಇಂಗ್ಲಿಷ್ ಫೈಲಿಗೆ ಓಡುತ್ತದೆ ಕೂಡ.

ಕೊನೆಯದಾಗಿ ಗೇಮ್ ಮಾಡುವ ಹುಡುಗನ ಪ್ರಶ್ನೆ. ಟಿಸಿಪಿ ನಿಧಾನ, ಯುಡಿಪಿ (ತಲುಪಿತಾ ಅಂತ ನೋಡದೆ ಪ್ಯಾಕೆಟ್ ಕಳಿಸುವ ಪ್ರೋಟೋಕಾಲ್) ಮೇಲೆ ನಾನೇ ಎಲ್ಲ ಬರೆಯಬೇಕು ಅಂತ ಎಲ್ಲರೂ ಹೇಳುತ್ತಾರೆ, ನಿಜಾನಾ? ಮೊದಲು ಯಾವ ಆಟ ಹೇಳಪ್ಪ. ಚೆಸ್, ಚೌಕಾಬಾರ, ಇಸ್ಪೀಟು ಆದರೆ ಟಿಸಿಪಿ ಧಾರಾಳ ಸಾಕು. ಓಡಾಡಿ ಗುಂಡು ಹೊಡೆಯುವ ಆಟ ಆದರೆ ನಿನ್ನ ಮಾತು ಸರಿ, ಒಂದು ಪ್ಯಾಕೆಟ್ ಕಳೆದರೆ ಟಿಸಿಪಿ ಅದಕ್ಕೆ ಕಾಯುತ್ತಾ ಅದರ ನಂತರ ಬಂದದ್ದನ್ನೆಲ್ಲ ತಡೆದಿಡುತ್ತದೆ, ನಿನಗೆ ಬೇಕಾಗಿರುವುದು ಆಟಗಾರ ಈಗ ಎಲ್ಲಿದ್ದಾನೆ ಅನ್ನುವುದು ಮಾತ್ರ, ಹಳೆಯದು ಹೋದರೆ ಹೋಯಿತು. ಆದರೆ ಆಟದಲ್ಲಿ ಕಳೆಯಬಾರದ ಸುದ್ದಿಯೂ ಇರುತ್ತದೆ, ಯಾರು ಸತ್ತರು, ಯಾರಿಗೆ ಎಷ್ಟು ಪಾಯಿಂಟ್ ಅಂತ. ಅದಕ್ಕೆ ಯುಡಿಪಿ ಮೇಲೆ ಮತ್ತೆ ಲೆಕ್ಕ ಇಡಬೇಕು, ಮತ್ತೆ ಕಳಿಸಬೇಕು, ಲೈನ್ ತುಂಬಿದಾಗ ನಿಧಾನ ಮಾಡಬೇಕು. ಯುಡಿಪಿ ಮೇಲೆ ಇದನ್ನು ಅಚ್ಚುಕಟ್ಟಾಗಿ ಮಾಡಿದ ಕ್ವಿಕ್ ಅನ್ನುವ ಪ್ರೋಟೋಕಾಲ್ ಗೂಗಲ್‌ನಲ್ಲಿ ಶುರುವಾಗಿ, 2021ರಲ್ಲಿ ಆರ್‌ಎಫ್‌ಸಿ 9000 ಆಗಿ ಬರುವ ಹೊತ್ತಿಗೆ ವರ್ಷಗಟ್ಟಲೆ ಹಿಡಿಯಿತು. ನೀನು ಒಂದು ವಾರ ಯುಡಿಪಿಯಲ್ಲಿ ಒಂದು ಚೌಕವನ್ನು ಪರದೆಯ ಮೇಲೆ ಓಡಿಸು, ಬೇಕಂತಲೇ ಹತ್ತರಲ್ಲಿ ಒಂದು ಪ್ಯಾಕೆಟ್ ಎಸೆದು ಆಟ ಹೇಗೆ ಕಾಣುತ್ತದೆ ನೋಡು. ಆಮೇಲೆ ಇ-ನೆಟ್ (ENet) ಅಂತ ಒಂದು ಲೈಬ್ರರಿ ಇದೆ, ಅದನ್ನು ಹಾಕಿಕೊಂಡು ಆಟ ಬರಿ.